ಟ್ಯೂರಿನ್‌ನಿಂದ ಬಂದ ಪದ್ಮಿನಿ

ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಅಸೂಟಿ ಎರೆಸೀಮೆಯ ಹಳ್ಳಿ. ಬೇಸಗೆಯಲ್ಲಿ ಬಾಯಿಬಿಟ್ಟು ಬಿರಿಯುವ ಆ ಸೀಮೆಯ ಕರಿಮಣ್ಣು ಮಳೆ ಬಿದ್ದೊಡನೆ ಅಂಟಿನ ಮುದ್ದೆಯಾಗುತ್ತದೆ; ಡಾಂಬರು ಕಾಣದ ದಿನಗಳಲ್ಲಿ ಚಕ್ಕಡಿಯ ಗಾಲಿಯೂ ಅದರಲ್ಲಿ ಹೂತು ನಿಲ್ಲುತ್ತಿತ್ತು. ಅಂಥ ಊರುಗಳಿಗೆ ಮೋಟಾರು ಕಾರು ಬಂದಿತೆಂದರೆ ಅದೇ ಒಂದು ಸುದ್ದಿ. ಅದು ಮದುವೆಯ ದಿಬ್ಬಣದ್ದಾಗಿರಬೇಕು, ಪಟ್ಟಣದ ಡಾಕ್ಟರರದಾಗಿರಬೇಕು, ಇಲ್ಲವೆ ಚುನಾವಣೆಗೆ ನಿಂತವರದಾಗಿರಬೇಕು. ಸುತ್ತ ನೆರೆದ ಹುಡುಗರಿಗೆ ಕಾರುಗಳಲ್ಲಿ ಮುಖ್ಯವಾಗಿ ಎರಡೇ ಕುಲ: ಒಂದು ‘ಅಂಬಾಸಡರ್’, ಇನ್ನೊಂದು ‘ಫಿಯಟ್’. ಮೊದಲನೆಯದು ಸರಕಾರಿ ಗತ್ತಿನದು. ಎರಡನೆಯದು ಮನೆಮಂದಿಯ ಗಾಡಿ.

ಆ ಹುಡುಗರಲ್ಲಿ ಎಷ್ಟು ಮಂದಿಗೆ ಫಿಯಟ್ಟಿನ ತೌರುಮನೆ ದೂರದ ಇಟಲಿಯಲ್ಲಿದೆಯೆಂದು ಗೊತ್ತಿತ್ತೋ ಕಾಣೆವು. ಅದನ್ನು ಕಟ್ಟಿದ ಮುಂಬಯಿಯ ಕಾರಖಾನೆಯ ಬೀಜ ಮೊಳೆತದ್ದು ಕನ್ನಡಿಗರೊಬ್ಬರ ತಲೆಯಲ್ಲಿ, ಅದು ಬೇರೂರಬೇಕಾಗಿದ್ದುದು ಬೆಂಗಳೂರಿನಲ್ಲಿ ಎಂಬುದಂತೂ ದೊಡ್ಡವರಲ್ಲಿಯೂ ಹಲವರಿಗೆ ತಿಳಿಯದ ಸಂಗತಿ. ಈ ಪುಟ್ಟ ಕಾರಿನ ಚರಿತ್ರೆಯಲ್ಲಿ ನಮ್ಮ ದೇಶ ಏನನ್ನು ಕಲಿಯಿತು, ಏನನ್ನು ಕಲಿಯದೆ ಉಳಿಯಿತು ಎಂಬುದರ ಲೆಕ್ಕವೂ ಅಡಗಿದೆ.

ಸಾವಿರದ ನೂರು

ಇಟಲಿಯ ಉತ್ತರಕ್ಕೆ, ಆಲ್ಪ್ಸ್ ಪರ್ವತಗಳ ಮಡಿಲಿನಲ್ಲಿ ಟ್ಯೂರಿನ್ ಎಂಬ ನಗರವಿದೆ. ಅಲ್ಲಿ 1899ರಲ್ಲಿ ಹುಟ್ಟಿದ ಮೋಟಾರು ಸಂಸ್ಥೆಯ ಇಟಾಲಿಯನ್ ಹೆಸರಿನ ನಾಲ್ಕು ಪದಗಳ ಮೊದಲಕ್ಷರಗಳನ್ನು ಕೂಡಿಸಿದರೆ ‘ಫಿಯಟ್’ ಆಗುತ್ತದೆ. ಎರಡನೆಯ ಮಹಾಯುದ್ಧ ಮುಗಿದಾಗ ಇಟಲಿ ಸೋತು ಸೊರಗಿದ ದೇಶ. ಜನರ ಕೈಯಲ್ಲಿ ಹಣವಿಲ್ಲ, ಪೆಟ್ರೋಲು ದುಬಾರಿ. ಹಾಗಿದ್ದೂ ನೌಕರಿಯ ಜನಕ್ಕೆ, ಸಣ್ಣ ವ್ಯಾಪಾರಿಗಳಿಗೆ, ಮಕ್ಕಳೊಂದಿಗರಾದ ಸಂಸಾರಸ್ಥರಿಗೆ ಒಂದು ಗಾಡಿ ಬೇಕು. ಈ ಬೇಡಿಕೆಗೆ ಉತ್ತರವಾಗಿ 1953ರ ಜಿನೀವಾ ಮೋಟಾರು ಪ್ರದರ್ಶನದಲ್ಲಿ ಫಿಯಟ್ ಸಂಸ್ಥೆ ತನ್ನ ಹೊಸ ‘1100’ ಕಾರನ್ನು ತೋರಿಸಿತು. ಇಟಾಲಿಯನ್ನರು ಇದನ್ನು ಪ್ರೀತಿಯಿಂದ ‘ಮಿಲ್ಲೆಚೆಂತೊ’ ಎಂದರು. ಅಂದರೆ ಸಾವಿರದ ನೂರು. ಸಂಸ್ಥೆಯ ಕಾಗದಪತ್ರಗಳಲ್ಲಿ ಈ ಹೊಸ ಮಾದರಿಯ ಸಂಖ್ಯೆ 103.

ಅದರ ಹಿಂದಿದ್ದ ಎಂಜಿನಿಯರ್ ದಾಂತೆ ಜಕೋಸ. 1936ರಲ್ಲಿ ‘ತೊಪೊಲೀನೊ’ ಎಂಬ ಚಿಕ್ಕ ಕಾರನ್ನು ರೂಪಿಸಿ ಹೆಸರಾಗಿದ್ದಾತ. ತೊಪೊಲೀನೊ ಎಂದರೆ ಇಲಿಮರಿ. ಹೊಸ ಕಾರಿನ ಎಂಜಿನ್ ಏನೂ ಹೊಸದಲ್ಲ. 1937ರ ಒಂದು ಫಿಯಟ್ಟಿನಲ್ಲಿಯೇ ಕೆಲಸಮಾಡಿ ನಂಬಿಕೆ ಗಳಿಸಿದ್ದ, 1089 ಘನ ಸೆಂಟಿಮೀಟರಿನ, ನಾಲ್ಕು ಸಿಲಿಂಡರುಗಳ ಯಂತ್ರವನ್ನೇ ತಿದ್ದಿ ತೀಡಿ ಕೂರಿಸಲಾಗಿತ್ತು. ಹೊಸದೆಂದರೆ ಒಡಲಿನ ರಚನೆ. ಹಿಂದಿನ ಕಾರುಗಳಲ್ಲಿ ಕೆಳಗೆ ಭಾರವಾದ ಉಕ್ಕಿನ ಚೌಕಟ್ಟು, ಅದರ ಮೇಲೆ ಪೆಟ್ಟಿಗೆಯಂತೆ ಇರಿಸಿದ ಒಡಲು. ಇಲ್ಲಿಯೋ ಚೌಕಟ್ಟು, ಒಡಲು ಎಂಬ ಭೇದವಿಲ್ಲ. ತೆಂಗಿನ ಕರಟದಂತೆ ಇಡೀ ಚಿಪ್ಪೇ ಭಾರ ಹೊರುತ್ತದೆ. ಇದರಿಂದ ತೂಕ ತಗ್ಗಿತು, ಒಳಗೆ ಸ್ಥಳ ಹೆಚ್ಚಿತು. ಉದ್ದ ನಾಲ್ಕು ಮೀಟರಿಗಿಂತ ಕಡಮೆಯಾದರೂ ನಾಲ್ಕು ಬಾಗಿಲು. ಸಂಸಾರವೊಂದು ಇಕ್ಕಟ್ಟಿಲ್ಲದೆ ಕುಳಿತುಕೊಳ್ಳಬಹುದಾದಷ್ಟು ಅವಕಾಶ. ಗೇರಿನ ಹಿಡಿ ನೆಲದಿಂದ ಮೇಲೆದ್ದು ಸ್ಟೀರಿಂಗಿನ ಪಕ್ಕಕ್ಕೆ ಬಂದಿದ್ದುದರಿಂದ ಕಾಲ ಬಳಿಯಲ್ಲಿಯೂ ತೆರವು. ಮುಂದಿನ ಎರಡು ಬಾಗಿಲುಗಳು ಮಾತ್ರ ಕದದಂತೆ ಹಿಮ್ಮುಖವಾಗಿ ತೆರೆಯುತ್ತಿದ್ದವು.

ಈ ಕಾರು ಭಾರತಕ್ಕೆ ಬಂದುದು ಹೇಗೆಂಬುದನ್ನು ತಿಳಿಯಬೇಕಾದರೆ ಸುಮಾರು 20 ವರ್ಷ ಹಿಂದಕ್ಕೆ, ಮೈಸೂರು ಸಂಸ್ಥಾನದ ಕಡೆಗೆ ಹೋಗಬೇಕು.

ಮಾಜಿ ದಿವಾನರ ಕನಸು

ಆಗ ಭಾರತದ ರಸ್ತೆಗಳಲ್ಲಿ ಓಡುತ್ತಿದ್ದ ಕಾರುಗಳೆಲ್ಲ ಪರದೇಶದವು. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ 1928ರಿಂದ ಮುಂಬಯಿಯಲ್ಲಿ ಕಾರುಗಳನ್ನು ಜೋಡಿಸುತ್ತಿತ್ತು. ತರುವಾಯ ಫೋರ್ಡ್ ಸಂಸ್ಥೆಯೂ ಬಂದಿತು. ಆದರೆ ಅದು ಜೋಡಣೆಯ ಕೆಲಸವೇ ಹೊರತು ತಯಾರಿಕೆಯಲ್ಲ. ಪೆಟ್ಟಿಗೆಯಲ್ಲಿ ಬಂದ ಭಾಗಗಳನ್ನು ಬಿಚ್ಚಿ, ತಿರುಪು ಬಿಗಿದು, ಬಣ್ಣ ಬಳಿದು ಮಾರುವುದು. ಉಕ್ಕು ಎರಕವಾಗುವುದೂ ವಿದ್ಯೆ ವೃದ್ಧಿಯಾಗುವುದೂ ಬೇರೆ ದೇಶದಲ್ಲಿ. ಇಲ್ಲಿ ಉಳಿಯುವುದು ತಿರುಪು ಬಿಗಿದ ಕೂಲಿ.

ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಈ ಸ್ಥಿತಿ ಸಹನೆಯಾಗಲಿಲ್ಲ. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಅವರು 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕವನ್ನೇ ಬರೆದಿದ್ದರು. ಮರುವರ್ಷ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯೂರೋಪು ಅಮೆರಿಕಗಳ ಮೋಟಾರು ಕಾರಖಾನೆಗಳನ್ನು ಕಣ್ಣಾರೆ ನೋಡಿ ಬರಲು ಹೊರಟರು. ಹಿಂದಿರುಗಿದ ಮೇಲೆ ಭಾರತದಲ್ಲಿಯೇ ಕಾರು ಮತ್ತು ಲಾರಿಗಳನ್ನು ತಯಾರಿಸುವ ಯೋಜನೆಯನ್ನು ಸಿದ್ಧಪಡಿಸಿದರು. ಮೋಟಾರು ಕಾರಖಾನೆಯೊಂದು ಎದ್ದರೆ ಅದರ ಸುತ್ತ ಉಕ್ಕು, ರಬ್ಬರು, ಗಾಜು, ಬಣ್ಣ, ಚರ್ಮ, ವಿದ್ಯುತ್ ಸಲಕರಣೆ ಹೀಗೆ ಹತ್ತಾರು ಕೈಗಾರಿಕೆಗಳು ತಾವಾಗಿ ಬೆಳೆಯುತ್ತವೆ. ಕಾರು ತಯಾರಿಸಲು ಕಲಿತ ಜನಾಂಗ ಇತರ ಯಂತ್ರಗಳನ್ನೂ ತಯಾರಿಸಬಲ್ಲುದು. ಇದು ಆ ಯೋಜನೆಯ ಹಿಂದಿನ ತರ್ಕ.

ಇದನ್ನು ಕೈಗೆತ್ತಿಕೊಂಡವರು ವಾಲಚಂದ ಹೀರಾಚಂದರು. ರೋಣ ತಾಲ್ಲೂಕಿನ ಹೊಳೆಆಲೂರನ್ನು ಹಾಯ್ದು ಉತ್ತರಕ್ಕೆ ಹೋಗುವ ರೈಲು ಕೊನೆಗೆ ಮುಟ್ಟುವುದು ಸೋಲಾಪುರವನ್ನು. ಕನ್ನಡ ಮಾತು ಇಂದಿಗೂ ಕೇಳಿಬರುವ ಆ ಗಡಿನಾಡ ಪಟ್ಟಣದಲ್ಲಿಯೇ ವಾಲಚಂದರು ಹುಟ್ಟಿದ್ದು, 1882ರಲ್ಲಿ. ಗುಜರಾತಿ ಜೈನ ಮನೆತನದವರು. ಹಡಗಿನ ವ್ಯಾಪಾರದಲ್ಲಿ ಬ್ರಿಟಿಷ್ ಸಂಸ್ಥೆಗಳನ್ನು ಎದುರು ಹಾಕಿಕೊಂಡು ನಿಂತ ಎದೆಗಾರರು. ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲ ಯೋಜನೆಗೆ ಒಲವು ತೋರಿಸಿತ್ತು. ಆದರೆ ಯುದ್ಧದ ಪ್ರಶ್ನೆಯ ಮೇಲೆ 1939ರಲ್ಲಿ ಅದು ರಾಜೀನಾಮೆಯಿತ್ತಿತು. ಆಗ ಎಲ್ಲರ ಕಣ್ಣು ಮೈಸೂರಿನ ಕಡೆಗೆ ತಿರುಗಿತು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ಲರ ಸರಕಾರ ನೆರವಿಗೆ ಮುಂದೆ ಬಂದಿತು. ಅಮೆರಿಕದ ಕ್ರೈಸ್ಲರ್ ಸಂಸ್ಥೆಯೊಡನೆ ವಾಲಚಂದರು ಮಾತುಕತೆ ಮುಗಿಸಿದ್ದರು. ಬೆಂಗಳೂರಿನಲ್ಲಿ ಕಾರಖಾನೆ ಏಳುವುದೊಂದೇ ಬಾಕಿ.

ಏಳಲಿಲ್ಲ. ಯುದ್ಧಕಾಲದಲ್ಲಿ ಇಂಥ ಸಾಹಸಕ್ಕೆ ದೇಶೀಯ ಸಂಸ್ಥಾನವೊಂದು ಹಣ ತೊಡಗಿಸುವುದು ಬ್ರಿಟಿಷ್ ಅಧಿಕಾರಿಗಳಿಗೆ ರುಚಿಸಲಿಲ್ಲ. ಸಾರ್ವಭೌಮ ಸತ್ತೆಯ ಮಾತನ್ನು ಮೀರುವ ಶಕ್ತಿ ಸಂಸ್ಥಾನಕ್ಕೆ ಇರಲಿಲ್ಲ, ಮೈಸೂರು ಹಿಂದೆಗೆಯಿತು.

ಇದರ ನಡುವೆ ನಡೆದ ಇನ್ನೊಂದು ಘಟನೆಯನ್ನು ವಿಧಿಯ ವಿನೋದವೆನ್ನಬೇಕು. ಮೋಟಾರಿನ ಸಲುವಾಗಿ 1939ರಲ್ಲಿ ಅಮೆರಿಕ ಪ್ರವಾಸ ಕೈಗೊಂಡ ವಾಲಚಂದರಿಗೆ ಆ ಪ್ರಯಾಣದಲ್ಲಿ ವಿಮಾನ ತಯಾರಿಕೆಯ ಉದ್ಯಮಿ ವಿಲಿಯಂ ಪಾಲಿಯ ಪರಿಚಯವಾಯಿತು. ಯುದ್ಧಕ್ಕೆ ವಿಮಾನಗಳು ಬೇಕಾಗಿದ್ದವು. ಆದುದರಿಂದ ಈ ಯೋಜನೆಗೆ ಅಡ್ಡಿ ಬರಲಿಲ್ಲ. 1940ರ ಡಿಸೆಂಬರಿನಲ್ಲಿ ಮೈಸೂರು ಸರಕಾರದ ಪಾಲುಗಾರಿಕೆಯೊಡನೆ ಬೆಂಗಳೂರಿನಲ್ಲಿ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆ ಸ್ಥಾಪಿತವಾಯಿತು. ನೆಲದ ಮೇಲೆ ಓಡುವ ಗಾಡಿಗೆ ಸಿಗದ ಅಪ್ಪಣೆ ಆಕಾಶದಲ್ಲಿ ಹಾರುವ ಗಾಡಿಗೆ ಸಿಕ್ಕಿತು! ಬೆಂಗಳೂರು ವಿಮಾನಗಳ ಊರಾಯಿತು. ಕಾರು ಮುಂಬಯಿಯ ಪಾಲಾಯಿತು.

ಕುರ್ಲಾದಲ್ಲಿ ಇಟಲಿಯ ಅತಿಥಿ

1944ರಲ್ಲಿ ವಾಲಚಂದರು ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯನ್ನು ಹುಟ್ಟುಹಾಕಿದರು. ಮುಂಬಯಿಯ ಕುರ್ಲಾದಲ್ಲಿ ಕಾರಖಾನೆ ಎದ್ದಿತು. 1947ರಲ್ಲಿ ಅಲ್ಲಿಂದ ಹೊರಬಂದ ಮೊದಲ ವಾಹನಗಳು ಕ್ರೈಸ್ಲರ್ ಮನೆತನದ ಡಾಜ್, ಪ್ಲಿಮತ್ತುಗಳು. ಅವು ಅಮೆರಿಕದ ಅಗಲ ರಸ್ತೆಗಳಿಗೂ ಅಗ್ಗದ ಪೆಟ್ರೋಲಿಗೂ ಹೇಳಿಸಿದ ಗಾಡಿಗಳು. ಆಗತಾನೆ ಸ್ವತಂತ್ರವಾದ ಬಡ ದೇಶದ ಮಧ್ಯಮವರ್ಗಕ್ಕೆ ಎಟುಕುವಂತಹವಲ್ಲ. ಹೀಗಾಗಿ ಸಂಸ್ಥೆ ಟ್ಯೂರಿನ್ನಿನ ಕಡೆಗೆ ನೋಡಿತು. ಫಿಯಟ್ಟಿನೊಡನೆ ಒಪ್ಪಂದವಾಗಿ, ಮೊದಲು ‘ಇಲಿಮರಿ’ ಬಂದಿತು. 1954ರಲ್ಲಿ ಮಿಲ್ಲೆಚೆಂತೊ ಬಂದಿತು. ಅದನ್ನು ನೋಡಲು ವಾಲಚಂದರಿರಲಿಲ್ಲ. 1953ರ ಏಪ್ರಿಲಿನಲ್ಲಿ ಅವರು ತೀರಿಕೊಂಡಿದ್ದರು.

ಆ ಹೊತ್ತಿಗೆ ಸರಕಾರದ ಧೋರಣೆಯೂ ಬಿಗಿಯಾಗಿತ್ತು. ಭಾಗಗಳನ್ನು ಕ್ರಮಕ್ರಮವಾಗಿ ಇಲ್ಲಿಯೇ ತಯಾರಿಸುವ ಕಾರ್ಯಕ್ರಮ ಉಳ್ಳವರಿಗೆ ಮಾತ್ರ ಅವಕಾಶವೆಂದು 1953ರಲ್ಲಿ ತೀರ್ಮಾನವಾಯಿತು. ಬರಿಯ ಜೋಡಣೆಯನ್ನು ನೆಚ್ಚಿದ್ದ ಜನರಲ್ ಮೋಟಾರ್ಸ್, ಫೋರ್ಡ್ ಸಂಸ್ಥೆಗಳು ಗಂಟುಮೂಟೆ ಕಟ್ಟಿದವು. ವಿಶ್ವೇಶ್ವರಯ್ಯನವರು ಬಯಸಿದ್ದ ರಕ್ಷಣೆ ಕೊನೆಗೂ ಬಂದಂತಾಯಿತು. ಕಾಲಾಂತರದಲ್ಲಿ ಭಾರತದ ಕಾರು ಮಾರುಕಟ್ಟೆಯಲ್ಲಿ ಮೂರು ಹೆಸರುಗಳು ಉಳಿದವು: ಬಂಗಾಳದ ಉತ್ತರಪಾಡಾದಲ್ಲಿ ಬ್ರಿಟಿಷ್ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಗನಾದ ಅಂಬಾಸಡರ್, ಮದರಾಸಿನಲ್ಲಿ ಟ್ರಯಂಫ್ ಹೆರಾಲ್ಡಿನ ಮಗನಾದ ಸ್ಟಾಂಡರ್ಡ್ ಹೆರಾಲ್ಡ್, ಮುಂಬಯಿಯಲ್ಲಿ ಫಿಯಟ್. ಮೂರೂ ಯೂರೋಪಿನ ಸಂಸಾರವಂದಿಗರಿಗಾಗಿ ಹುಟ್ಟಿದ ಕಾರುಗಳೇ.

ಫಿಯಟ್ ವರ್ಷಗಳು ಉರುಳಿದಂತೆ ‘ಎಲಿಗಂಟ್’, ‘ಸೆಲೆಕ್ಟ್’, ‘ಸೂಪರ್ ಸೆಲೆಕ್ಟ್’ ಎಂಬ ಹೆಸರುಗಳನ್ನು ಧರಿಸಿತು. ಗುಂಡಗಿನ ಮೈಯ ಈ ಹಳೆಯ ಮಾದರಿಗಳಿಗೆ ಮುಂಬಯಿಯ ಜನ ಇಟ್ಟ ಅಡ್ಡಹೆಸರು ‘ಡುಕ್ಕರ್ ಫಿಯಟ್’. ಮರಾಠಿಯಲ್ಲಿ ಡುಕ್ಕರ್ ಎಂದರೆ ಹಂದಿ. ಹೆಸರು ಒರಟಾದರೂ ಅದರಲ್ಲಿ ಅಕ್ಕರೆಯೇ ಹೆಚ್ಚು. 1962ರಲ್ಲಿ ಇಟಲಿಯಲ್ಲಿ ಹೊರಬಂದ ನೇರ ಗೆರೆಗಳ ‘1100 ಡಿ’ ಮಾದರಿ 1964ರಲ್ಲಿ ‘ಡಿಲೈಟ್’ ಎಂಬ ಹೆಸರಿನಿಂದ ಇಲ್ಲಿಗೆ ಬಂದಿತು. ಹಿಮ್ಮುಖದ ಬಾಗಿಲುಗಳು ಹೋಗಿ ಎಲ್ಲರಂಥ ಬಾಗಿಲುಗಳಾದವು. ಮುಂದಿನ ಮೂರೂವರೆ ದಶಕಗಳ ಕಾಲ ಭಾರತೀಯರು ಕಂಡುದು ಈ ರೂಪವನ್ನೇ.

ಮನೆಯವರಲ್ಲಿ ಒಬ್ಬನಾಗಿ

ಆ ಕಾಲದಲ್ಲಿ ಕಾರು ಕೊಳ್ಳುವುದೆಂದರೆ ಅಂಗಡಿಗೆ ಹೋಗಿ ಹಣ ಕೊಟ್ಟು ತರುವ ಮಾತಲ್ಲ. ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯಬೇಕು. 1959ರ ಆಜ್ಞೆಯಿಂದ ಹಂಚಿಕೆ ಮತ್ತು ಮಾರಾಟದ ಮೇಲೆ, 1969ರ ಆಜ್ಞೆಯಿಂದ ಬೆಲೆಯ ಮೇಲೆ ಸರಕಾರದ ಹತೋಟಿ ಬಂದಿತು. ನೋಂದಾಯಿಸಿದಾಗ ತೊಟ್ಟಿಲಲ್ಲಿದ್ದ ಮಗು ಕಾರು ಬಂದಾಗ ಶಾಲೆಗೆ ಹೋಗುತ್ತಿರುತ್ತದೆಂಬುದು ಮನೆಮನೆಯ ಹಾಸ್ಯ. ಇಷ್ಟು ಕಾದು ಬಂದ ವಸ್ತುವನ್ನು ಯಂತ್ರವೆಂದು ಯಾರು ತಾನೆ ಭಾವಿಸುತ್ತಾರೆ? ನಾಲ್ಕು ಗಾಲಿಗಳಿಗೂ ನಿಂಬೆಹಣ್ಣು, ಬಾನೆಟ್ಟಿಗೆ ಕುಂಕುಮ, ಮೊದಲ ಪ್ರಯಾಣ ಮನೆದೇವರಿಗೆ. ಮನೆ ಮಂದಿಯೆಲ್ಲ ಸೇರಿ ಮಡಿಲಲ್ಲೊಂದು, ತೊಡೆಯ ಮೇಲೊಂದು ಮಗುವನ್ನು ಕೂರಿಸಿಕೊಂಡು, ಡಿಕ್ಕಿಯಲ್ಲಿ ಹಾಸಿಗೆಯ ಸುರುಳಿ, ರೊಟ್ಟಿಯ ಗಂಟು, ಕುಡಿಯುವ ನೀರಿನ ಕೂಜೆಗಳನ್ನು ತುಂಬಿಕೊಂಡು ಹೊರಟರೆ, ಸುಮಾರು 40 ಅಶ್ವಶಕ್ತಿಯ ಆ ಪುಟ್ಟ ಎಂಜಿನ್ ಏದುಸಿರು ಬಿಡುತ್ತಲಾದರೂ ಘಟ್ಟ ಏರುತ್ತಿತ್ತು.

ಚಳಿಯ ಬೆಳಗಿನಲ್ಲಿ ಅದನ್ನು ಎಬ್ಬಿಸುವುದೂ ಒಂದು ಕಲೆ. ಚೋಕಿನ ಗುಂಡಿ ಎಷ್ಟು ಎಳೆಯಬೇಕು, ಯಾವಾಗ ಒಳಗೆ ತಳ್ಳಬೇಕೆಂಬುದು ಆಯಾ ಮನೆಯ ಯಜಮಾನರಿಗೇ ತಿಳಿದ ಗುಟ್ಟು. ಸ್ಟೀರಿಂಗಿನ ಪಕ್ಕದ ಗೇರನ್ನು ಮೇಲೆ ಕೆಳಗೆ ಆಡಿಸುವ ಹದವನ್ನು ತಂದೆ ಮಗನಿಗೆ ಕಲಿಸಿದರು, ಕೆಲವು ಮನೆಗಳಲ್ಲಿ ಮಗಳಿಗೂ ಕಲಿಸಿದರು. ಬಾನೆಟ್ ಎತ್ತಿದರೆ ಒಳಗಿನದೆಲ್ಲ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಎಟುಕುತ್ತಿತ್ತು. ಆದುದರಿಂದ ಸಣ್ಣ ಊರಿನ ಗ್ಯಾರೇಜಿನಲ್ಲಿ, ಶಾಲೆಯ ಮುಖ ನೋಡದ ಹುಡುಗನೂ ಪಾನ, ಸ್ಕ್ರೂಡ್ರೈವರುಗಳಿಂದ ಅದನ್ನು ಬಿಚ್ಚಿ ಮತ್ತೆ ಜೋಡಿಸುವುದನ್ನು ಕಲಿತ. ಮೋಟಾರು ಕೈಗಾರಿಕೆ ಜನರಿಗೆ ಯಂತ್ರವಿದ್ಯೆಯನ್ನು ಕಲಿಸುತ್ತದೆಂಬ ನಂಬಿಕೆ ಒಂದರ್ಥದಲ್ಲಿ ಹೀಗೆ ರಸ್ತೆಯ ಬದಿಯಲ್ಲಿ ಫಲಿಸಿತು.

ಈ ಕಾರು ಮಧ್ಯಮವರ್ಗದ ಕುಟುಂಬಕ್ಕೆ ಎಂಥ ಆಸೆಯ ವಸ್ತುವಾಗಿತ್ತು ಎಂಬುದಕ್ಕೆ ಪ್ರಧಾನಿಯ ಮನೆಯ ಕಥೆಯೊಂದೇ ಸಾಕು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಪ್ರಧಾನಮಂತ್ರಿಗಳಾದ ಮೇಲೂ ಅವರಿಗೆ ಸ್ವಂತ ಕಾರು ಇರಲಿಲ್ಲ. ಮಕ್ಕಳು ಒತ್ತಾಯ ಮಾಡಿದರು. ಫಿಯಟ್ಟಿನ ಬೆಲೆ 12,000 ರೂಪಾಯಿ, ಬ್ಯಾಂಕಿನಲ್ಲಿದ್ದುದು 7,000. ಉಳಿದ 5,000 ರೂಪಾಯಿಗೆ ಶಾಸ್ತ್ರಿಯವರು ಪಂಜಾಬ್ ನ್ಯಾಷನಲ್ ಬ್ಯಾಂಕಿನಿಂದ ಸಾಲ ಪಡೆದರು. 1966ರ ಜನವರಿ 11ರಂದು ಅವರು ತಾಷ್ಕೆಂಟಿನಲ್ಲಿ ಕಣ್ಮುಚ್ಚಿದಾಗ ಆ ಸಾಲ ಇನ್ನೂ ತೀರಿರಲಿಲ್ಲ. ಪತ್ನಿ ಲಲಿತಾ ಶಾಸ್ತ್ರಿಯವರು ತಮಗೆ ಬರುತ್ತಿದ್ದ ಪಿಂಚಣಿಯಿಂದ ಅದನ್ನು ತೀರಿಸಿದರು. ಆ ಕಾರನ್ನು ದೆಹಲಿಯ ಶಾಸ್ತ್ರಿ ಸ್ಮಾರಕದಲ್ಲಿ ಕಾಪಾಡಿಕೊಂಡು ಬರಲಾಗಿದೆ.

ಹೆಸರು ಹೊಸದು, ರೂಪ ಹಳೆಯದು

1970ರ ದಶಕದ ಆರಂಭದಲ್ಲಿ ಫಿಯಟ್ಟಿನೊಡನೆ ಇದ್ದ ಒಪ್ಪಂದ ಮುಗಿಯಿತು. ಕಾರಿನ ಹಣೆಯಿಂದ ಇಟಲಿಯ ಹೆಸರು ಇಳಿಯಿತು. ಕೆಲಕಾಲ ‘ಪ್ರೀಮಿಯರ್ ಪ್ರೆಸಿಡೆಂಟ್’ ಎನಿಸಿಕೊಂಡ ಅದು 1974ರಲ್ಲಿ ‘ಪ್ರೀಮಿಯರ್ ಪದ್ಮಿನಿ’ಯಾಯಿತು. ಚಿತ್ತೋರಿನ ರಾಣಿಯ ಹೆಸರು. ಟ್ಯೂರಿನ್ನಿನ ಹುಡುಗಿ ಮದುವೆಯಾಗಿ ಭಾರತಕ್ಕೆ ಬಂದು, ಇಪ್ಪತ್ತು ವರ್ಷ ಬಾಳ್ವೆ ಮಾಡಿ, ಕೊನೆಗೆ ಗಂಡನ ಮನೆಯ ಹೆಸರನ್ನೇ ಪಡೆದಂತೆ. ಆದರೂ ಜನರ ಬಾಯಲ್ಲಿ ಅದು ಕಡೆಯತನಕ ‘ಫಿಯಟ್’ ಆಗಿಯೇ ಉಳಿಯಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಸಂತೋಷವೇ. ಆದರೆ ತೌರುಮನೆಯಲ್ಲಿ ಏನು ನಡೆಯಿತೆಂಬುದನ್ನೂ ನೋಡಬೇಕು. ಇಟಲಿಯಲ್ಲಿ 1100ರ ತಯಾರಿಕೆ 1969ರಲ್ಲಿ ನಿಂತಿತು. ಅದರ ಸ್ಥಾನಕ್ಕೆ ಬಂದುದು ‘128’ ಎಂಬ ಮಾದರಿ. ಅದನ್ನು ರೂಪಿಸಿದವನೂ ಅದೇ ಜಕೋಸ. ಎಂಜಿನನ್ನು ಅಡ್ಡಲಾಗಿ ಕೂರಿಸಿ, ಮುಂದಿನ ಗಾಲಿಗಳೇ ಕಾರನ್ನು ಎಳೆಯುವಂತೆ ಮಾಡಿ, ಆತ ತನ್ನ ಹಳೆಯ ಕೃತಿಯನ್ನು ತಾನೇ ಹಿಂದಿಕ್ಕಿದ್ದ. ಮುಂದೆ ಜಗತ್ತಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಹಿಡಿದುದು ಅದೇ ದಾರಿಯನ್ನು. ಕುರ್ಲಾದಲ್ಲಿಯಾದರೋ 1962ರ ಮಾದರಿಯೇ ಮತ್ತೆ ಮತ್ತೆ ಅಚ್ಚಿನಿಂದ ಇಳಿಯುತ್ತಿತ್ತು. ಅಲ್ಲಲ್ಲಿ ದೀಪ ಬದಲಾಯಿತು, ಜಾಲರಿ ಬದಲಾಯಿತು, ಮೂಲ ಬದಲಾಗಲಿಲ್ಲ.

ತಪ್ಪು ಯಾರದು? ಒಬ್ಬರ ತಲೆಗೆ ಕಟ್ಟುವಂತಿಲ್ಲ. ಎಷ್ಟು ತಯಾರಿಸಬೇಕೆಂಬುದಕ್ಕೆ ಸರಕಾರದ ಪರವಾನಗಿ ಬೇಕು. ಹೊಸ ಅಚ್ಚುಗಳನ್ನು ತರಿಸಲು ವಿದೇಶಿ ಹಣ ಸಿಗದು. ಕಾರು ಶ್ರೀಮಂತರ ಭೋಗವಸ್ತುವೆಂಬುದು ಆಳುವವರ ಭಾವನೆ. ಇತ್ತ ತಯಾರಕರಿಗೂ ಬದಲಾಯಿಸುವ ತವಕವಿರಲಿಲ್ಲ. ಬಾಗಿಲಲ್ಲಿ ಸಾಲುಗಟ್ಟಿ ನಿಂತ ಗಿರಾಕಿಗಳು ಹಳೆಯದನ್ನೇ ಕೊಳ್ಳಲು ಸಿದ್ಧರಿರುವಾಗ ಹೊಸದನ್ನು ಮಾಡುವ ಶ್ರಮವೇಕೆ? ಎಳೆಯ ಗಿಡಕ್ಕೆ ಬೇಲಿ ಬೇಕು. ಗಿಡ ಮರವಾದ ಮೇಲೂ ಬೇಲಿ ತೆಗೆಯದಿದ್ದರೆ ಅದು ಬೇಲಿಯಷ್ಟೇ ಎತ್ತರಕ್ಕೆ ಬೆಳೆಯುತ್ತದೆ. ವಿಶ್ವೇಶ್ವರಯ್ಯನವರು ಜೋಡಣೆಯನ್ನು ಬಿಟ್ಟು ತಯಾರಿಕೆಯನ್ನು ಕಲಿಯಬೇಕೆಂದಿದ್ದರು. ದೇಶ ಅದನ್ನು ಕಲಿಯಿತು. ಅದರ ಮುಂದಿನ ಪಾಠ ಹೊಸದನ್ನು ರೂಪಿಸುವುದು. ಆ ಪಾಠ ಪುಸ್ತಕದಲ್ಲಿಯೇ ಉಳಿಯಿತು.

1983ರ ಡಿಸೆಂಬರಿನಲ್ಲಿ ಜಪಾನಿನ ಸಹಕಾರದ ಮಾರುತಿ ಕಾರು ರಸ್ತೆಗಿಳಿದಾಗ ಪರೀಕ್ಷೆಯ ದಿನ ಬಂದಿತು. ಹಗುರ, ಚುರುಕು, ಕಡಮೆ ಪೆಟ್ರೋಲು. ನಿನ್ನೆಯವರೆಗೆ ಪದ್ಮಿನಿಗಾಗಿ ಕಾದಿದ್ದವರು ಮಾರುತಿಯ ಸಾಲಿನಲ್ಲಿ ನಿಂತರು. 1990ರ ದಶಕದಲ್ಲಿ ಪದ್ಮಿನಿಗೆ ಡೀಸೆಲ್ ಎಂಜಿನ್ನನ್ನೂ ಜೋಡಿಸಿ ನೋಡಿದರು, ಕಾಲ ಮಿಂಚಿತ್ತು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಅದರ ಯುಗ ಮುಗಿಯಿತು.

ಮತ್ತೆ ಬೆಂಗಳೂರಿಗೆ

ಬೆಂಗಳೂರು ಕಾರಿನ ಆಸೆಯನ್ನು ಪೂರ್ತಿಯಾಗಿ ಬಿಟ್ಟಿರಲಿಲ್ಲ. 1982ರಲ್ಲಿ ಅಲ್ಲಿನ ಸಿಪಾನಿ ಸಂಸ್ಥೆ ಬ್ರಿಟನ್ನಿನ ರಿಲಾಯಂಟ್ ಕಿಟನ್ ಎಂಬ ಕಾರನ್ನು ಆಧರಿಸಿ ‘ಡಾಲ್ಫಿನ್’ ತಯಾರಿಸಿತು. 848 ಘನ ಸೆಂಟಿಮೀಟರಿನ ಎಂಜಿನ್, ಫೈಬರ್‌ಗ್ಲಾಸಿನ ಮೈ, ಎರಡೇ ಬಾಗಿಲು. ಅದರ ಬೆನ್ನಿಗೇ ಬಂದ ಮಾರುತಿಯ ಎದುರಿಗೆ ಈ ಚಿಕ್ಕ ಸಾಹಸ ನಿಲ್ಲಲಾರದೆ ಹೋಯಿತು. ಕಡೆಗೆ 1999ರ ಡಿಸೆಂಬರಿನಲ್ಲಿ ಬೆಂಗಳೂರಿನ ಬಳಿಯ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರಖಾನೆ ತಯಾರಿಕೆಯನ್ನು ಆರಂಭಿಸಿತು. ಮೈಸೂರು ಹಿಂದೆಗೆದ ಮೇಲೆ ಸುಮಾರು 60 ವರ್ಷ ಕಳೆದಿದ್ದವು. ಕನಸು ಕಂಡ ಹಿರಿಯರು 1962ರ ಏಪ್ರಿಲಿನಲ್ಲಿಯೇ, ನೂರು ತುಂಬಿದ ವಯಸ್ಸಿನಲ್ಲಿ, ಗತಿಸಿದ್ದರು.

ಪದ್ಮಿನಿಗೆ ಕೊನೆಯವರೆಗೂ ಆಸರೆ ಕೊಟ್ಟುದು ಅದನ್ನು ಕಟ್ಟಿದ ಮುಂಬಯಿಯೇ. ಕಪ್ಪು ಮೈ, ಹಳದಿ ತಲೆಯ ಟ್ಯಾಕ್ಸಿಯಾಗಿ ಅದು ಆ ನಗರದ ಚಹರೆಯ ಒಂದು ಭಾಗವೇ ಆಗಿತ್ತು. ಕೆಲಸ ಹುಡುಕಿ ಮುಂಬಯಿ ರೈಲು ಏರಿದ ಎಷ್ಟೋ ಕನ್ನಡಿಗರಿಗೆ, ನಿಲ್ದಾಣದಿಂದ ಹೊರಗೆ ಕಾಲಿಟ್ಟೊಡನೆ ಕಂಡ ಮೊದಲ ದೃಶ್ಯ ಆ ಟ್ಯಾಕ್ಸಿಗಳ ಸಾಲು. ಅಲ್ಲಿಯ ನಿಯಮದಂತೆ ಟ್ಯಾಕ್ಸಿಯ ಆಯುಸ್ಸು 20 ವರ್ಷ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಆ ಲೆಕ್ಕ ತೀರಿ 2023ರ ಅಕ್ಟೋಬರ್ 30ರಿಂದ ಮುಂಬಯಿಯ ಬಾಡಿಗೆ ಬೀದಿಗಳಲ್ಲಿ ಪದ್ಮಿನಿ ಇಲ್ಲವಾಯಿತು.

ಅಭಿಮಾನಿಗಳ ಮನೆಯಂಗಳದಲ್ಲಿ, ಹಳೆಯ ಕಾರುಗಳ ಮೆರವಣಿಗೆಯಲ್ಲಿ ಅದು ಇನ್ನೂ ಅಲ್ಲೊಂದು ಇಲ್ಲೊಂದು ಕಾಣಸಿಗುತ್ತದೆ. ಅದನ್ನು ಕಂಡಾಗ ಹಿರಿಯರ ಮುಖದಲ್ಲಿ ಮೂಡುವ ನಗೆ ಯಂತ್ರಕ್ಕಾಗಿ ಮೂಡಿದುದಲ್ಲ. ಹಿಂದಿನ ಸೀಟಿನಲ್ಲಿ ಒತ್ತಿಕೊಂಡು ಕುಳಿತ ಬಾಲ್ಯಕ್ಕಾಗಿ, ಎರೆಮಣ್ಣಿನಲ್ಲಿ ಹೂತ ಗಾಲಿಯನ್ನು ಊರಿಗೆ ಊರೇ ಸೇರಿ ತಳ್ಳಿದ ಸಂಜೆಗಾಗಿ. ಆ ಅಕ್ಕರೆಗೆ ಪದ್ಮಿನಿ ಪೂರ್ಣವಾಗಿ ಅರ್ಹಳು. ಅದರ ಜೊತೆಗೇ, ಅವಳನ್ನು ಮೂವತ್ತಾರು ವರ್ಷ ಒಂದೇ ಸೀರೆಯಲ್ಲಿ ನಿಲ್ಲಿಸಿದವರು ನಾವೇ ಎಂಬುದನ್ನೂ ನೆನೆದರೆ, ಟ್ಯೂರಿನ್ನಿನ ಜಕೋಸನಿಗೂ ಮೈಸೂರಿನ ವಿಶ್ವೇಶ್ವರಯ್ಯನವರಿಗೂ ಸಲ್ಲಬೇಕಾದ ಗೌರವ ಸಂದಂತಾಗುತ್ತದೆ.